ಉಷ್ಣವಲಯದ ದ್ವೀಪಗಳಲ್ಲಿ ಇರುವೆ ಸಂಶೋಧನೆ ಮತ್ತು ಅದರ ಸಹಭಾಗಿತ್ವಗಳು

ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದಿರುವ ಇರುವೆ ಪ್ರಭೇದಗಳು 14,000ಕ್ಕೂ ಹೆಚ್ಚು. ಇವುಗಳಲ್ಲಿ ಗಣನೀಯ ಪಾಲು ಉಷ್ಣವಲಯದ ದ್ವೀಪಗಳದ್ದು. ಸುತ್ತಲೂ ಕಡಲಿರುವ ನೆಲಕ್ಕೆ ಹೊಸ ಇರುವೆಯೊಂದು ಬಂದು ಸೇರುವುದು ಅಪರೂಪ. ಹಾಗೆ ಸೇರಿದ್ದು ಅಲ್ಲೇ ಉಳಿದು, ಕವಲೊಡೆದು, ಲಕ್ಷಾಂತರ ವರ್ಷಗಳಲ್ಲಿ ಬೇರೆಲ್ಲೂ ಕಾಣದ ಪ್ರಭೇದಗಳ ಗುಂಪಾಗುತ್ತದೆ. ಮಡಗಾಸ್ಕರ್, ನ್ಯೂಗಿನಿ, ಫಿಜಿ, ಶ್ರೀಲಂಕಾ, ಅಂಡಮಾನ್ ಎಲ್ಲ ಕಡೆಯೂ ನಡೆದಿರುವುದು ಇದೇ.

ಈ ಇರುವೆಗಳನ್ನು ಹಿಡಿದು, ಗುರುತಿಸಿ, ಹೆಸರಿಟ್ಟು, ಅವುಗಳ ಅಳಿವು ಉಳಿವನ್ನು ಲೆಕ್ಕ ಹಾಕುವ ಕೆಲಸ ಒಬ್ಬ ವಿಜ್ಞಾನಿಯಿಂದ ಆಗುವಂಥದ್ದಲ್ಲ, ಒಂದು ಸಂಸ್ಥೆಯಿಂದಲೂ ಆಗುವುದಿಲ್ಲ. ಕಾಡು ಒಬ್ಬರ ಕೈಯಲ್ಲಿದೆ, ಹೆಸರಿಡುವಾಗ ಆಧಾರವಾದ ಹಳೆಯ ಮೂಲಮಾದರಿಗಳು ಇನ್ನೊಬ್ಬರ ಕಪಾಟಿನಲ್ಲಿವೆ, ಸೂಕ್ಷ್ಮದರ್ಶಕ ಮತ್ತು ಡಿಎನ್‌ಎ ಯಂತ್ರಗಳು ಮೂರನೆಯವರ ಬಳಿ ಇವೆ. ಕಳೆದ ಮೂರು ದಶಕಗಳಲ್ಲಿ ದ್ವೀಪಗಳ ಇರುವೆ ವಿಜ್ಞಾನ ಬೆಳೆದದ್ದು ಈ ಮೂವರು ಎಷ್ಟರ ಮಟ್ಟಿಗೆ ಕೈಜೋಡಿಸಿದರೋ ಅಷ್ಟರ ಮಟ್ಟಿಗೆ.

ಹಿನ್ನೆಲೆ

ದ್ವೀಪಗಳ ಇರುವೆಗಳ ಮೊದಲ ವಿವರಣೆಗಳನ್ನು ಬರೆದದ್ದು ಯುರೋಪಿನ ಕೊಠಡಿಗಳಲ್ಲಿ ಕುಳಿತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಅಗಸ್ಟ್ ಫೊರೆಲ್ 1891ರಲ್ಲಿ ಮಡಗಾಸ್ಕರಿನ ಇರುವೆಗಳ ಸಂಪುಟವನ್ನು ಹೊರತಂದರು. ಇಟಲಿಯ ಕಾರ್ಲೊ ಎಮೆರಿ 1893ರಲ್ಲಿ ಶ್ರೀಲಂಕಾದ ಅನ್ಯೂರೆಟಸ್ ಸೈಮೊನಿಗೆ ಹೆಸರಿಟ್ಟರು. ಭಾರತ, ಶ್ರೀಲಂಕಾ, ಬರ್ಮಾಗಳ ಇರುವೆಗಳನ್ನು ಸಿ. ಟಿ. ಬಿಂಗ್‌ಹ್ಯಾಮ್ 1903ರ ಒಂದು ಸಂಪುಟದಲ್ಲಿ ಒಟ್ಟುಗೂಡಿಸಿದರು. ಪ್ರವಾಸಿಗಳು, ಪಾದ್ರಿಗಳು, ಅಧಿಕಾರಿಗಳು ಸೀಸೆಗಳಲ್ಲಿ ತುಂಬಿ ಕಳಿಸಿದ್ದೇ ಇಂಥ ಬರಹಗಳಿಗೆ ಆಧಾರ. ಫೊರೆಲರ ಸಂಗ್ರಹ ಜಿನೀವಾದಲ್ಲಿ ನೆಲೆಸಿತು, ಎಮೆರಿಯವರದ್ದು ಜಿನೋವಾದಲ್ಲಿ. ಆಸ್ಟ್ರಿಯಾದ ಗುಸ್ಟಾವ್ ಮೇಯರ್ ಅವರದ್ದು ವಿಯೆನ್ನಾದಲ್ಲಿದೆ. ಮುಂದೆ ಆಯಾ ದ್ವೀಪದವರೇ ತಮ್ಮ ಕಾಡಿನ ಇರುವೆ ಯಾವುದೆಂದು ಖಚಿತಪಡಿಸಿಕೊಳ್ಳಬೇಕಾದಾಗ ಈ ಊರುಗಳಿಗೆ ಹೋಗಬೇಕು, ಇಲ್ಲವೇ ಕಾಗದ ಬರೆದು ಕಾಯಬೇಕು ಎಂಬಂತಾಯಿತು.

ಸ್ವತಃ ದ್ವೀಪಕ್ಕೆ ಹೋಗಿ ದುಡಿದವರಲ್ಲಿ ಅಮೆರಿಕದ ವಿಲಿಯಂ ಮನ್ ಮುಖ್ಯರು. 1915-16ರಲ್ಲಿ ಫಿಜಿ ಮತ್ತು ಸಾಲೊಮನ್ ದ್ವೀಪಗಳನ್ನು ಸುತ್ತಿ, 1919 ಮತ್ತು 1921ರಲ್ಲಿ ಎರಡೂ ಕಡೆಯ ಇರುವೆಗಳ ಬಗ್ಗೆ ಬರೆದರು. (ಮುಂದೆ ಅವರು ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ನಿರ್ದೇಶಕರಾದರು, ಇರುವೆಯಿಂದ ಆನೆಗೆ ಬಡ್ತಿ.) 1954-55ರಲ್ಲಿ ಎಡ್ವರ್ಡ್ ವಿಲ್ಸನ್ ಮೆಲನೇಷ್ಯಾದ ದ್ವೀಪಗಳನ್ನು ಹಾದು ಶ್ರೀಲಂಕಾಕ್ಕೂ ಬಂದರು. ಕಡಲ ಅಂಚಿನ ಬಯಲಿನಲ್ಲಿ ಬದುಕಬಲ್ಲ ಇರುವೆಗಳು ಹೊಸ ದ್ವೀಪಗಳನ್ನು ಸೇರುತ್ತವೆ, ಕಾಲಕ್ರಮೇಣ ಒಳಕಾಡಿಗೆ ಸರಿದು ಅಲ್ಲಿಗಷ್ಟೇ ಸೀಮಿತವಾದ ಸ್ಥಾನಿಕ ಪ್ರಭೇದಗಳಾಗುತ್ತವೆ, ಕೊನೆಗೆ ಬೆಟ್ಟಗಳ ತುದಿಗೆ ಸೀಮಿತವಾಗಿ ಕ್ಷೀಣಿಸುತ್ತವೆ ಎಂಬ ಅವರ ಚಕ್ರ ಸಿದ್ಧಾಂತ ಈ ಪ್ರವಾಸದ ಫಲ. ರಾಬರ್ಟ್ ಮೆಕಾರ್ಥರ್ ಜೊತೆಗೂಡಿ 1967ರಲ್ಲಿ ಪ್ರಕಟಿಸಿದ ದ್ವೀಪ ಜೀವಭೂಗೋಳದ ಪುಸ್ತಕಕ್ಕೂ ಬೇರು ಇಲ್ಲೇ ಇದೆ. ಸಿದ್ಧಾಂತ ದೊಡ್ಡದಾಗಿ ಬೆಳೆಯಿತು. ದ್ವೀಪಗಳಲ್ಲಿ ಇರುವೆ ಬಲ್ಲವರ ಸಂಖ್ಯೆ ಮಾತ್ರ ಬೆಳೆಯಲಿಲ್ಲ.

ಒಂದೇ ಅಳತೆಗೋಲು

ಸಹಭಾಗಿತ್ವಕ್ಕೆ ಮೊದಲು ಬೇಕಾದದ್ದು ಎಲ್ಲರೂ ಒಪ್ಪುವ ಅಳತೆ. ಒಬ್ಬರು ಮರದ ಬುಡ ಕೆದಕಿ, ಇನ್ನೊಬ್ಬರು ದಾರಿಯಲ್ಲಿ ಕಂಡದ್ದನ್ನು ಹೆಕ್ಕಿ ತಂದರೆ ಎರಡು ಕಾಡುಗಳನ್ನು ಹೋಲಿಸಲಾಗದು. 2000ದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಪ್ರಕಟಿಸಿದ ಕೈಪಿಡಿಯೊಂದು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿತು. ಅದರ ಪ್ರಕಾರ 200 ಮೀಟರ್ ಗೆರೆಯೊಂದನ್ನು ಎಳೆದು, ಪ್ರತಿ 10 ಮೀಟರಿಗೆ ಒಂದರಂತೆ 20 ಕಡೆ ಒಂದು ಚದರ ಮೀಟರ್ ತರಗೆಲೆಯನ್ನು ಗೋರಿ ಜರಡಿ ಹಿಡಿಯಬೇಕು. ಜರಡಿಯಿಂದ ಬಿದ್ದ ಪುಡಿಯನ್ನು ವಿಂಕ್ಲರ್ ಚೀಲದಲ್ಲಿ ತೂಗುಹಾಕಿದರೆ, ಅದು ಒಣಗುತ್ತಾ ಬಂದಂತೆ ಇರುವೆಗಳು ಹೊರಬರಲು ಓಡಾಡಿ ತಳದ ಮದ್ಯಸಾರದ ಲೋಟಕ್ಕೆ ಬೀಳುತ್ತವೆ. ಎರಡು ದಿನ ಸಾಕು. ಜೊತೆಗೆ ನೆಲದಲ್ಲಿ ಹೂತಿಟ್ಟ 20 ಲೋಟಗಳು. ಕರೆಂಟು ಬೇಡ, ದುಬಾರಿ ಯಂತ್ರ ಬೇಡ, ಬಟ್ಟೆಯ ಚೀಲವನ್ನು ಮಡಚಿ ಬೆನ್ನಿಗೆ ಹಾಕಿಕೊಳ್ಳಬಹುದು. ಹಳ್ಳಿಯ ಯುವಕರೂ ಹೊರದೇಶದ ಪ್ರಾಧ್ಯಾಪಕರೂ ಒಂದೇ ರೀತಿಯಲ್ಲಿ ಮಾಡಬಲ್ಲ ವಿಧಾನ ಇದು. ಅದು ಇಷ್ಟು ಬೇಗ ಹರಡಿದ್ದಕ್ಕೆ ಅದರ ಸರಳತೆಯೇ ಕಾರಣ.

ಮಡಗಾಸ್ಕರ್

ಸಹಭಾಗಿತ್ವ ಹೇಗೆ ಮೈಗೂಡಿತು ಎಂಬುದಕ್ಕೆ ಮಡಗಾಸ್ಕರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಲ್ಲಿನ ಇರುವೆ ಪ್ರಭೇದಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಬೇರೆಲ್ಲೂ ಸಿಗುವುದಿಲ್ಲ. ತಮ್ಮದೇ ಮರಿಹುಳುಗಳ ಚರ್ಮಕ್ಕೆ ಸಣ್ಣ ಗಾಯ ಮಾಡಿ ದೇಹರಸ ಹೀರುವ ‘ಡ್ರಾಕುಲಾ ಇರುವೆ’ಗಳಲ್ಲಿ ಹೆಸರಾದ ಅಡೆಟೊಮಿರ್ಮಾ ಇಲ್ಲಿಯದು; ಫಿಲಿಪ್ ವಾರ್ಡ್ 1994ರಲ್ಲಿ ಆ ಕುಲವನ್ನು ವಿವರಿಸಿದರು. ಇನ್ನೊಂದೆಡೆ, 1953ರಿಂದ 2014ರ ಒಳಗೆ ದ್ವೀಪ ತನ್ನ ಸಹಜ ಕಾಡಿನ ಶೇ. 44ರಷ್ಟನ್ನು ಕಳೆದುಕೊಂಡಿತು. ಎಂದರೆ ಹೆಸರಿಡುವ ಕೆಲಸಕ್ಕೆ ಗಡುವಿತ್ತು.

ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಬ್ರಯಾನ್ ಫಿಶರ್ 1990ರ ದಶಕದಿಂದ ದ್ವೀಪದ ಉದ್ದಗಲಕ್ಕೂ ಬೆಟ್ಟ ಹತ್ತಿ ಇಳಿದು ಸಮೀಕ್ಷೆ ನಡೆಸಿದರು. ಬರೀ ಹಿಡಿದು ಒಯ್ಯುವ ಹಳೆಯ ಪದ್ಧತಿಯಿಂದ ಕೆಲಸ ಮುಗಿಯದೆಂದು ಗೊತ್ತಾದ ಮೇಲೆ ಅಂಟನನರಿವೊದ ಸಿಂಬಜಾಜಾ ಉದ್ಯಾನದಲ್ಲಿ ಮಡಗಾಸ್ಕರ್ ಜೀವವೈವಿಧ್ಯ ಕೇಂದ್ರ ತಲೆಯೆತ್ತಿತು. ವಿಂಗಡಣೆ, ಪಿನ್ನಿಗೆ ಚುಚ್ಚುವುದು, ಚೀಟಿ ಬರೆಯುವುದು, ದತ್ತಾಂಶ ತುಂಬುವುದು ಎಲ್ಲವೂ ಅಲ್ಲೇ ನಡೆಯುತ್ತದೆ, ಮಲಗಾಸಿ ಸಿಬ್ಬಂದಿಯಿಂದಲೇ. ಸಾವಿರಾರು ಲೋಟಗಳಲ್ಲಿ ಬಂದ ಲಕ್ಷಾಂತರ ಇರುವೆಗಳನ್ನು ಕುಲವಾರು ಬೇರ್ಪಡಿಸುವುದು ಎಷ್ಟು ನಿಧಾನದ ಕೆಲಸವೆಂದು ಮಾಡಿದವರಿಗೇ ಗೊತ್ತು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಹೊಸ ಪ್ರಭೇದದ ಹೆಸರು. ಅದಕ್ಕೂ ಹಿಂದಿನ ವರ್ಷಗಟ್ಟಲೆ ದುಡಿಮೆ ಸುದ್ದಿಯಾಗುವುದಿಲ್ಲ.

ಗಮನಿಸಬೇಕಾದದ್ದು ಆಮೇಲಿನ ಹೆಜ್ಜೆ. ಕೇಂದ್ರದಲ್ಲಿ ತರಬೇತಿ ಪಡೆದವರು ಬರಬರುತ್ತಾ ಲೇಖಕರಾದರು. ನಮ್ಮ ಕಡೆ ಗೊದ್ದ ಎನ್ನುವ ದೊಡ್ಡ ಇರುವೆಗಳ ಕುಲವಾದ ಕ್ಯಾಂಪೊನೋಟಸ್‌ನ ಮಡಗಾಸ್ಕರ್ ಪ್ರಭೇದಗಳ ಮೇಲೆ ಜೀನ್ ಕ್ಲಾಡ್ ರಕೊಟೊನಿರಿನಾ ಸರಣಿ ಪ್ರಬಂಧಗಳನ್ನು ಬರೆದಿದ್ದಾರೆ. ಅದೇ ಕುಲದ ಮಿರ್ಮೊಪೈಟಿಯಾ ಉಪಕುಲದ 2017ರ ಪರಿಷ್ಕರಣೆಯಲ್ಲಿ ಮೊದಲ ಹೆಸರು ನಿಕೋಲ್ ರಸೊಅಮನನ ಅವರದ್ದು, ಜೊತೆಗೆ ಹಂಗೇರಿಯ ಶಾಂಡೋರ್ ಚೋಸ್ ಮತ್ತು ಫಿಶರ್. ಫೊರೆಲರ ಸಂಪುಟಕ್ಕೂ ಈ ಪ್ರಬಂಧಕ್ಕೂ ನಡುವೆ 126 ವರ್ಷಗಳ ಅಂತರ.

ಮಾದರಿಗಳು ದೂರದಲ್ಲಿದ್ದ ಸಮಸ್ಯೆಗೆ 2002ರಲ್ಲಿ ಶುರುವಾದ ಆಂಟ್‌ವೆಬ್ ಉತ್ತರ ಕೊಟ್ಟಿತು. ಪ್ರತಿ ಇರುವೆಯ ತಲೆ, ಪಕ್ಕೆ, ಬೆನ್ನು ಮತ್ತು ಚೀಟಿಯನ್ನು ದೊಡ್ಡದಾಗಿ ತೋರಿಸುವ ಚಿತ್ರಗಳ ಈ ಭಂಡಾರ ಯುರೋಪಿನ ಕಪಾಟುಗಳಲ್ಲಿದ್ದ ಮೂಲಮಾದರಿಗಳನ್ನು ಅಂಟನನರಿವೊದ ಮೇಜಿಗೂ ತಂದಿತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಜೊತೆ 2005ರಲ್ಲಿ ಪ್ರಕಟವಾದ ಅಧ್ಯಯನ, ಮಡಗಾಸ್ಕರಿನ ಇರುವೆಗಳ ವೈವಿಧ್ಯವನ್ನು ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ನೆರವಾಗುವ ಡಿಎನ್‌ಎಯ ಸಣ್ಣ ತುಣುಕು) ಮೂಲಕ ಅಂದಾಜಿಸಬಹುದೇ ಎಂದು ಪರೀಕ್ಷಿಸಿದ ಆರಂಭದ ಪ್ರಯತ್ನಗಳಲ್ಲೊಂದು. ಫಿಶರ್ 2001ರಲ್ಲಿ ಅರಿಜೋನಾದಲ್ಲಿ ಆರಂಭಿಸಿದ ಇರುವೆ ತರಬೇತಿ ಶಿಬಿರ ಕ್ರಮೇಣ ಉಷ್ಣವಲಯದ ದೇಶಗಳಿಗೂ ಹೋಯಿತು. ಇನ್ನೊಂದು ಕವಲು ಯಾರೂ ಎಣಿಸದ್ದು: ಇದೇ ಕೇಂದ್ರದ ನಂಟಿನಿಂದ ಅಂಟನನರಿವೊದಲ್ಲಿ ಆಹಾರಕ್ಕಾಗಿ ಮಿಡತೆ ಬಳಗದ ಚಿಮ್ಮಂಡೆ ಸಾಕುವ ಘಟಕ ಬಂತು. ಹಸಿವು ಕಡಿಮೆಯಾದರೆ ಕಾಡಿನ ಮೇಲಿನ ಒತ್ತಡವೂ ಕಡಿಮೆಯಾದೀತೆಂಬ ಲೆಕ್ಕಾಚಾರ ಅದರ ಹಿಂದಿದೆ.

ಫಿಜಿ

ಫಿಜಿಯಲ್ಲಿ ಕಾಡಿಗೆ ಹೋಗುವ ದಾರಿ ಹಳ್ಳಿಯ ಮುಖಂಡರ ಮನೆಯ ಮೂಲಕ ಹಾದುಹೋಗುತ್ತದೆ. ದೇಶದ ಸುಮಾರು ಶೇ. 87 ಭೂಮಿ ಮೂಲನಿವಾಸಿ ಐತೌಕೆಯ್ ಕುಲಗಳ ಸಾಮೂಹಿಕ ಒಡೆತನದಲ್ಲಿದೆ. ಹೊರಗಿನವರು ಯಾಂಗೋನಾ ಬೇರನ್ನು ಕಾಣಿಕೆಯಾಗಿ ಇಟ್ಟು ಅನುಮತಿ ಕೇಳುವ ಸೆವುಸೆವು ಎಂಬ ಸಂಪ್ರದಾಯ ಇಂದಿಗೂ ಜೀವಂತ. ಸಂಶೋಧಕರಿಗೆ ಇದು ವಿನಯದ ಪ್ರಶ್ನೆ ಮಾತ್ರವಲ್ಲ, ಕಾನೂನಿನ ಮತ್ತು ಕೆಲಸದ ಪ್ರಶ್ನೆಯೂ ಹೌದು. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ನೀಲ್ ಎವೆನ್‌ಹ್ಯೂಸ್ ಮತ್ತು ಕೀಟತಜ್ಞ ಎವರ್ಟ್ ಶ್ಲಿಂಗರ್ ಮುಂದಾಳತ್ವದ ಫಿಜಿ ಕೀಟ ಸಮೀಕ್ಷೆಯಲ್ಲಿ, ಗುಡಾರದಂಥ ಮಲೇಸ್ ಬಲೆಗಳನ್ನು ನೋಡಿಕೊಂಡು ಸೀಸೆ ಬದಲಿಸುತ್ತಿದ್ದವರು ಆಯಾ ಹಳ್ಳಿಯವರೇ. ಹೊರಗಿನ ವಿಜ್ಞಾನಿ ಇಲ್ಲದ ತಿಂಗಳುಗಳಲ್ಲೂ ಬಲೆ ಕೆಲಸ ಮಾಡಿತು.

ಆ ಸಮೀಕ್ಷೆಯ ಮಾದರಿಗಳಿಗೆ ತಮ್ಮದೇ ತರಗೆಲೆ ಸಂಗ್ರಹವನ್ನು ಸೇರಿಸಿ ಎಲಿ ಸಾರ್ನಾಟ್ ಮತ್ತು ಇವಾನ್ ಎಕೊನೊಮೊ 2012ರಲ್ಲಿ ಫಿಜಿಯ ಇರುವೆಗಳ ಗ್ರಂಥ ಪ್ರಕಟಿಸಿದರು: 43 ಕುಲಗಳು, 187 ಪ್ರಭೇದಗಳು, ಅವುಗಳಲ್ಲಿ ಸುಮಾರು ಹತ್ತಕ್ಕೆ ಏಳು ಫಿಜಿಗೇ ಸೀಮಿತ. ಮನ್ 1921ರಲ್ಲಿ ಬಿಟ್ಟ ಜಾಗದಿಂದ ಪಟ್ಟಿ ಮುಂದುವರಿದಂತಾಯಿತು. ಗುರುತಿಸುವ ಕೀಲಿಗಳೂ ಅದರಲ್ಲಿದ್ದುದರಿಂದ ರಾಜಧಾನಿ ಸುವಾದ ವಿದ್ಯಾರ್ಥಿ ಈಗ ಹೊರದೇಶಕ್ಕೆ ಮಾದರಿ ಕಳಿಸದೆ ಹೆಸರು ಪತ್ತೆಮಾಡಬಲ್ಲ.

ಪಟ್ಟಿ ಇದ್ದರೆ ತಾನೇ ಮುಂದಿನ ಪ್ರಶ್ನೆ. ಫಿಜಿಯ ಫಿಲಿಡ್ರಿಸ್ ನಗಸಾವು ಎಂಬ ಇರುವೆ ಮರದ ಮೇಲೆ ಬೆಳೆಯುವ ಸ್ಕ್ವಾಮೆಲ್ಲೇರಿಯಾ ಗಿಡದ ಬೀಜಗಳನ್ನು ತೊಗಟೆಯ ಸೀಳಿನಲ್ಲಿ ನೆಟ್ಟು, ಸಸಿಗೆ ಗೊಬ್ಬರ ಕೊಟ್ಟು, ಬೆಳೆದ ಗಿಡದ ಉಬ್ಬಿದ ಬುಡದಲ್ಲಿ ವಾಸಮಾಡುತ್ತದೆ. ಜರ್ಮನಿಯಿಂದ ಹೋದ ಗಿಯೋಮ್ ಶೊಮಿಕಿ ಮತ್ತು ಸುಸಾನ್ ರೆನ್ನರ್ 2016ರಲ್ಲಿ ಈ ಬೇಸಾಯವನ್ನು ವರದಿ ಮಾಡಿದರು. ಇದು ಸುಮಾರು 30 ಲಕ್ಷ ವರ್ಷಗಳಷ್ಟು ಹಳೆಯದೆಂದು ಅವರ ಅಂದಾಜು. ಆಗ ಮನುಷ್ಯನ ಬೇಸಾಯದ ಸುಳಿವೇ ಇರಲಿಲ್ಲ.

2025ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಈ ಸಂಗ್ರಹಗಳ ಬೆಲೆಯನ್ನು ಬೇರೊಂದು ರೀತಿಯಲ್ಲಿ ತೋರಿಸಿತು. ಜಪಾನಿನ ಓಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಸೇರಿದಂತೆ ಹಲವು ದೇಶಗಳ ತಂಡ, ಸಂಗ್ರಹಾಲಯದಲ್ಲಿದ್ದ ಸಾವಿರಾರು ಫಿಜಿ ಇರುವೆಗಳ ಡಿಎನ್‌ಎ ಓದಿ ಪ್ರತಿ ಪ್ರಭೇದದ ಹಿಂದಿನ ಸಂಖ್ಯಾಬಲ ಏರಿತೇ ಇಳಿಯಿತೇ ಎಂದು ಅಂದಾಜಿಸಿತು. ಸ್ಥಾನಿಕ ಪ್ರಭೇದಗಳಲ್ಲಿ ಸುಮಾರು ಶೇ. 79 ಇಳಿಮುಖ. ಇಳಿಕೆ ಶುರುವಾದದ್ದು ಸುಮಾರು 3,000 ವರ್ಷಗಳ ಹಿಂದೆ ಮನುಷ್ಯ ಫಿಜಿಗೆ ಕಾಲಿಟ್ಟ ಮೇಲೆ, ವೇಗ ಪಡೆದದ್ದು ಯುರೋಪಿನವರ ಸಂಪರ್ಕವಾದ ಈಚಿನ 300 ವರ್ಷಗಳಲ್ಲಿ. ಹೊರಗಿನಿಂದ ಬಂದ ಇರುವೆಗಳು ಅದೇ ಕಾಲದಲ್ಲಿ ಹೆಚ್ಚಿವೆ. ಬಲೆಯ ಸೀಸೆ ಬದಲಿಸಿದ ಹಳ್ಳಿಗರಾಗಲಿ ಅದನ್ನು ವಿಂಗಡಿಸಿದವರಾಗಲಿ ಇಂಥದ್ದೊಂದು ಪ್ರಶ್ನೆಗೆ ತಮ್ಮ ಮಾದರಿ ಉತ್ತರ ಕೊಟ್ಟೀತೆಂದು ಊಹಿಸಿರಲಾರರು.

ನ್ಯೂಗಿನಿ

ಪಪುವಾ ನ್ಯೂಗಿನಿಯ ಮದಾಂಗ್ ಬಳಿಯ ಬಿನಾಟಂಗ್ ಸಂಶೋಧನಾ ಕೇಂದ್ರ 1997ರಲ್ಲಿ ಶುರುವಾಯಿತು. ಇದರ ಹಿಂದಿದ್ದವರು ಚೆಕ್ ವಿಜ್ಞಾನಿ ವೊಯ್ಟೆಖ್ ನೊವೊಟ್ನಿ. ಕೇಂದ್ರದ ಬಲವೆಂದರೆ ಹಳ್ಳಿಗಳಿಂದ ಬಂದು ಕ್ಷೇತ್ರಕಾರ್ಯ, ವಿಂಗಡಣೆ, ಛಾಯಾಚಿತ್ರಣ ಕಲಿತ ಸಹಾಯಕ ವರ್ಗೀಕರಣಕಾರರು. ಮರ, ಹುಳು, ಇರುವೆಗಳ ಸ್ಥಳೀಯ ತಿಳಿವಳಿಕೆ ಇವರಿಗೆ ಮೊದಲೇ ಇರುತ್ತದೆ, ಕಲಿಯಬೇಕಾದದ್ದು ಅದನ್ನು ದಾಖಲಿಸುವ ಶಿಸ್ತು. ಇಲ್ಲಿಂದ ಪದವಿ, ಸ್ನಾತಕೋತ್ತರ ಪದವಿಗಳಿಗೆ ಹೋದವರಿದ್ದಾರೆ.

ಮರ ಕಡಿಯುವ ಕಂಪನಿಗಳನ್ನು ದೂರವಿಟ್ಟ ವನಂಗ್ ಎಂಬಲ್ಲಿನ ಕುಲಗಳು ತಮ್ಮ ಕಾಡಿನಲ್ಲಿ 50 ಹೆಕ್ಟೇರಿನ ಸಂಶೋಧನಾ ತಾಕು ಬಿಟ್ಟುಕೊಟ್ಟಿವೆ. ಸ್ಮಿತ್‌ಸೋನಿಯನ್ನಿನ ಜಾಗತಿಕ ಅರಣ್ಯ ಜಾಲದಲ್ಲಿ ಇದೂ ಒಂದು. ವನಂಗ್‌ಗೆ 2015ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಮರದ ತುದಿಯ ಇರುವೆಗಳನ್ನು ಎಣಿಸಲು ಪೆತ್ರ್ ಕ್ಲಿಮೆಶ್ ಮತ್ತು ಸಂಗಡಿಗರು ಹಿಡಿದ ದಾರಿ ಬೇರೆಡೆ ಊಹಿಸಲೂ ಆಗದ್ದು: 0.32 ಹೆಕ್ಟೇರಿನ ಎರಡು ತಾಕುಗಳಲ್ಲಿ, ಒಂದು ಹಳೆಯ ಕಾಡು, ಇನ್ನೊಂದು ಮರುಬೆಳೆದ ಕಾಡು, ಮರಗಳನ್ನು ಒಂದೊಂದಾಗಿ ಉರುಳಿಸಿ ಗೂಡುಗಳನ್ನೆಲ್ಲ ಬಿಡಿಸಿದರು. ಹಳೆಯ ಕಾಡಿನಲ್ಲಿ ಪ್ರಭೇದಗಳು ಹೆಚ್ಚಿದ್ದವು. ಮರಗಳ ಗಾತ್ರ ಮತ್ತು ಗೂಡಿಗೆ ಒದಗುವ ಜಾಗಗಳ ವೈವಿಧ್ಯ ಇದಕ್ಕೆ ಕಾರಣವೆಂದು 2012ರಲ್ಲಿ ಬರೆದರು. ಭೂಮಾಲೀಕರು ಪಾಲುದಾರರಲ್ಲದಿದ್ದರೆ ಇಂಥ ಪ್ರಯೋಗಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಶ್ರೀಲಂಕಾ ಮತ್ತು ಅಂಡಮಾನ್

ಎಮೆರಿ ಹೆಸರಿಟ್ಟ ಅನ್ಯೂರೆಟಸ್ ಸೈಮೊನಿ ಒಂದಿಡೀ ಉಪಕುಟುಂಬದಲ್ಲಿ ಉಳಿದಿರುವ ಏಕೈಕ ಪ್ರಭೇದ. ಅದರ ಬಳಗದ ಉಳಿದವರೆಲ್ಲ ಪಳೆಯುಳಿಕೆಗಳು. ವಿಲ್ಸನ್ 1955ರಲ್ಲಿ ರತ್ನಪುರದ ಸುತ್ತ ಅದನ್ನು ಮತ್ತೆ ಕಂಡರು. ಆದರೆ ದ್ವೀಪದ ಇರುವೆ ಅಧ್ಯಯನವನ್ನು ದಶಕಗಳ ಕಾಲ ಹೊತ್ತು ನಡೆಸಿದವರು ಕೆಲನಿಯ ವಿಶ್ವವಿದ್ಯಾಲಯದ ಶ್ರಿಯಾನಿ ಡಯಾಸ್. ಅವರ ಮುಂದಾಳತ್ವದಲ್ಲಿ 2020ರಲ್ಲಿ ಬಂದ ಪಟ್ಟಿಯಲ್ಲಿ 79 ಕುಲಗಳ 341 ಪ್ರಭೇದಗಳಿವೆ. ಸಹಲೇಖಕರಲ್ಲಿ ಹಾಂಗ್‌ಕಾಂಗ್, ಓಕಿನಾವಾ ಮತ್ತು ಕಾಶ್ಮೀರದ ನಂಟಿನವರಿದ್ದಾರೆ. ದ್ವೀಪದವರೇ ಮುಂದೆ ನಿಂತು ಹೊರಗಿನವರನ್ನು ಕರೆದ ಮಾದರಿ ಇದು. ಉಳಿದ ಕಡೆಗಳಲ್ಲಿ ನಡೆದದ್ದಕ್ಕೆ ತಿರುವುಮುರುವು.

ಅಂಡಮಾನ್ ಮತ್ತು ನಿಕೋಬಾರ್ ಇರುವೆಗಳ ಕಥೆಗೆ ಬೆಂಗಳೂರಿನ ನಂಟಿದೆ. 2010ರಲ್ಲಿ ಪ್ರಕಟವಾದ ಅಲ್ಲಿನ ಇರುವೆಗಳ ಪಟ್ಟಿಯನ್ನು ಪ್ರಶಾಂತ್ ಮೋಹನರಾಜ್, ಕೆ. ವೀಣಾಕುಮಾರಿ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಟಿ. ಎಂ. ಮುಸ್ತಾಕ್ ಅಲಿ ಸಿದ್ಧಪಡಿಸಿದರು. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಇರುವೆ ಸಂಗ್ರಹ ಬೆಳೆಸಿದ ಅಲಿಯವರನ್ನು ದಕ್ಷಿಣ ಭಾರತದ ಇರುವೆ ಅಭ್ಯಾಸಿಗಳು ಬಲ್ಲರು. 2017ರಲ್ಲಿ ಗೌರವ್ ಅಗವೇಕರ್, ಫ್ರಾನ್ಸಿಸ್ಕೊ ಹಿತಾ ಗಾರ್ಸಿಯಾ ಮತ್ತು ಎಕೊನೊಮೊ ಅಂಡಮಾನಿನ ಎರಡು ಹೊಸ ಟೆಟ್ರಾಮೋರಿಯಂ ಪ್ರಭೇದಗಳನ್ನು ವಿವರಿಸಿದರು. ಒಂದಕ್ಕೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೆ. ಎಸ್. ಕೃಷ್ಣನ್ ಅವರ ಹೆಸರು, ಇನ್ನೊಂದಕ್ಕೆ ಜಾರವಾ ಜನರ ಹೆಸರು. ಎಕ್ಸ್‌ರೇ ಸೂಕ್ಷ್ಮಚಿತ್ರಣದಿಂದ ಇರುವೆಯ ಒಳಹೊರಗನ್ನು ಮೂರು ಆಯಾಮದಲ್ಲಿ ಕಂಪ್ಯೂಟರಿಗೆ ಇಳಿಸಿದ್ದರಿಂದ, ಮಾದರಿಯನ್ನು ಮುಟ್ಟದೆಯೇ ಅದರ ಮುಳ್ಳು, ಗೆರೆಗಳನ್ನು ದೂರದಿಂದ ಪರೀಕ್ಷಿಸಬಹುದು.

ದಾಳಿಕೋರ ಇರುವೆಗಳ ವಿರುದ್ಧ

ಹಡಗು, ಗಿಡದ ಕುಂಡ, ಮರದ ದಿಮ್ಮಿಗಳ ಜೊತೆ ಬರುವ ಪರದೇಶಿ ಇರುವೆಗಳೇ ದ್ವೀಪಗಳಿಗೆ ದೊಡ್ಡ ಅಪಾಯ. ಇಲ್ಲಿ ಸಹಭಾಗಿತ್ವ ಪ್ರಯೋಗಾಲಯದಿಂದ ಹೊರಬಂದು ಸರ್ಕಾರ, ರೈತ, ಬಂದರುಗಳನ್ನೂ ಒಳಗೊಳ್ಳುತ್ತದೆ.

ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ 1989ರಲ್ಲಿ ಹಳದಿ ಹುಚ್ಚು ಇರುವೆಯ ಮಹಾವಸಾಹತು (ಹಲವು ಗೂಡುಗಳು ಒಂದಾಗಿ ಬೆಸೆದ ದೊಡ್ಡ ಸಮೂಹ) ಮೊದಲ ಬಾರಿ ಕಂಡಿತು. ಫಾರ್ಮಿಕ್ ಆಮ್ಲ ಚಿಮ್ಮಿಸಿ ಅದು ಕೊಂದ ಕೆಂಪು ಏಡಿಗಳು 1 ರಿಂದ 1.5 ಕೋಟಿ ಎಂದು ಡೆನಿಸ್ ಓಡೌಡ್ ಮತ್ತು ಸಂಗಡಿಗರು 2003ರಲ್ಲಿ ಅಂದಾಜಿಸಿದರು. ಸಸಿ ಮತ್ತು ತರಗೆಲೆ ತಿನ್ನುವ ಏಡಿ ಹೋದ ಮೇಲೆ ಕಾಡಿನ ನೆಲದ ಸ್ವರೂಪವೇ ಬದಲಾಯಿತು. ಹೆಲಿಕಾಪ್ಟರಿನಿಂದ ವಿಷದ ತಿನಿಸು ಚೆಲ್ಲಿದರೆ ಕೆಲವು ವರ್ಷ ಬಿಡುವು ಸಿಗುತ್ತಿತ್ತು, ಅಷ್ಟೇ. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದವರು ಇರುವೆಯನ್ನು ಬಿಟ್ಟು ಅದರ ಊಟದ ಕಡೆ ನೋಡಿದರು. ಈ ಇರುವೆಗೆ ಸಕ್ಕರೆ ಒದಗಿಸುವುದು ಮರದ ರಸ ಹೀರುವ ಅರಗಿನ ಹುಳು. ಅದರ ಸಹಜ ಶತ್ರುವಾದ ಪುಟ್ಟ ಕಣಜವನ್ನು ಮಲೇಷ್ಯಾದಲ್ಲಿ ಗುರುತಿಸಿ, ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯ ನೆರವಿನಿಂದ ಪರೀಕ್ಷಿಸಿ, ಆಸ್ಟ್ರೇಲಿಯಾದ ಉದ್ಯಾನ ಇಲಾಖೆಯ ಮೂಲಕ 2016ರ ಡಿಸೆಂಬರಿನಲ್ಲಿ ದ್ವೀಪದಲ್ಲಿ ಬಿಡಲಾಯಿತು.

ಪೆಸಿಫಿಕ್‌ನ ಜಾನ್‌ಸ್ಟನ್ ಹವಳದ್ವೀಪದಲ್ಲಿ ಅದೇ ಇರುವೆ 2010ರಲ್ಲಿ ಪತ್ತೆಯಾದಾಗ, ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಸ್ವಯಂಸೇವಕರ ಸಣ್ಣ ತಂಡಗಳನ್ನು ಆರಾರು ತಿಂಗಳ ಪಾಳಿಯಲ್ಲಿ ಅಲ್ಲಿ ಇರಿಸಿತು. ನೆಲದಲ್ಲಿ ಗೂಡುಕಟ್ಟುವ ಕೆಂಪುಬಾಲದ ಟ್ರಾಪಿಕ್ ಹಕ್ಕಿಗಳ ಕಣ್ಣಿಗೇ ಇರುವೆಯ ಆಮ್ಲ ಬೀಳುತ್ತಿತ್ತು. 2021ರಲ್ಲಿ ಇರುವೆ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಗಲಾಪಗೋಸ್‌ನ ಮಾರ್ಚೆನಾ ದ್ವೀಪದಲ್ಲಿ ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರ ಮತ್ತು ರಾಷ್ಟ್ರೀಯ ಉದ್ಯಾನ 2001ರಿಂದ ಪುಟ್ಟ ಬೆಂಕಿ ಇರುವೆಯ ವಿರುದ್ಧ ಇಂಥದ್ದೇ ಹೋರಾಟ ನಡೆಸಿದವು.

ಹವಾಯಿಯಲ್ಲಿ ಮೂಲತಃ ಇರುವೆಗಳೇ ಇರಲಿಲ್ಲ. ಇಂದು ಇರುವ ಎಲ್ಲವೂ ಹೊರಗಿನಿಂದ ಬಂದವು. 1999ರಲ್ಲಿ ಅಲ್ಲಿ ಕಂಡ ಪುಟ್ಟ ಬೆಂಕಿ ಇರುವೆಯನ್ನು ಹುಡುಕುವ ವಿಧಾನ ಯಾರ ಮನೆಯಲ್ಲಾದರೂ ಆಗುವಂಥದ್ದು. ಊಟದ ಕಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿ ತೋಟದಲ್ಲಿ ಸುಮಾರು ಒಂದು ಗಂಟೆ ಇಟ್ಟು, ಹತ್ತಿದ ಇರುವೆ ಸಮೇತ ಚೀಲಕ್ಕೆ ಹಾಕಿ, ಫ್ರೀಜರಿನಲ್ಲಿಟ್ಟು ತಜ್ಞರಿಗೆ ಕಳಿಸುವುದು. ಹಿಲೊ ಪಟ್ಟಣದ ಹವಾಯಿ ಇರುವೆ ಪ್ರಯೋಗಾಲಯ ಅವುಗಳನ್ನು ಗುರುತಿಸಿ ಮನೆಯವರಿಗೆ ಮುಂದೇನು ಮಾಡಬೇಕೆಂದು ತಿಳಿಸುತ್ತದೆ.

ತಕರಾರುಗಳು

ಸಹಭಾಗಿತ್ವ ಎಂಬ ಮಾತಿನಡಿ ಎಲ್ಲವೂ ಸರಿಯಾಗಿದೆ ಎಂದಲ್ಲ. ಹಣ ಸಾಮಾನ್ಯವಾಗಿ ಉತ್ತರದ ದೇಶಗಳಿಂದ ಮೂರು ಅಥವಾ ಐದು ವರ್ಷದ ಅನುದಾನವಾಗಿ ಬರುತ್ತದೆ. ಇರುವೆ ಗುರುತಿಸಲು ಒಬ್ಬರನ್ನು ತಯಾರು ಮಾಡುವುದಕ್ಕೇ ಅಷ್ಟು ಕಾಲ ಬೇಕು. ಅನುದಾನ ನಿಂತಾಗ ಮೊದಲು ಹೋಗುವುದು ದ್ವೀಪದ ಸಿಬ್ಬಂದಿಯ ಸಂಬಳ. ಉಷ್ಣವಲಯದ ತೇವ, ಬೂಷ್ಟು, ಸಂಗ್ರಹ ತಿನ್ನುವ ಹುಳುಗಳಿಂದ ಒಣ ಮಾದರಿಗಳನ್ನು ಕಾಯುವ ನಿತ್ಯದ ಖರ್ಚಿಗೆ ಕೊಡುವವರು ಇನ್ನೂ ಕಡಿಮೆ. ಹೊಸ ಪ್ರಭೇದಕ್ಕೆ ಹಣ ಸಿಗುತ್ತದೆ, ಕಪಾಟಿನ ರಬ್ಬರು ಪಟ್ಟಿಗೆ ಸಿಗುವುದಿಲ್ಲ.

ಕಾನೂನು ಬಿಗಿಯಾಗಿದೆ. 2014ರ ಅಕ್ಟೋಬರ್ 12ರಂದು ಜಾರಿಗೆ ಬಂದ ನಗೋಯಾ ಒಪ್ಪಂದ, ಜೈವಿಕ ಸಂಪತ್ತನ್ನು ಬಳಸುವವರು ಮೂಲದೇಶದ ಒಪ್ಪಿಗೆ ಪಡೆದು ಲಾಭ ಹಂಚಿಕೊಳ್ಳಬೇಕೆನ್ನುತ್ತದೆ. ಭಾರತದ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದ ಕಂಡವರು ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು. ಔಷಧ ಕಂಪನಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮಗಳು ಎರಡು ಮಿಲಿಮೀಟರಿನ ಇರುವೆಯನ್ನು ಎರವಲು ಕಳಿಸುವವರನ್ನೂ ತಿಂಗಳುಗಟ್ಟಲೆ ಕಾಯಿಸುತ್ತವೆ ಎಂಬುದು ವರ್ಗೀಕರಣಕಾರರ ದೂರು. ಅದರಲ್ಲಿ ಹುರುಳಿದೆ. ಜಿನೀವಾ, ಜಿನೋವಾಗಳಿಗೆ ಹೋದ ಮಾದರಿಗಳ ಇತಿಹಾಸ ಬಲ್ಲ ದೇಶಗಳು ಇಂಥ ಕಾನೂನು ಮಾಡಿಕೊಂಡದ್ದರಲ್ಲೂ ಹುರುಳಿದೆ. ಹೊಸ ಒಪ್ಪಂದಗಳಲ್ಲಿ ಮೂಲಮಾದರಿ ಯಾವ ದೇಶದಲ್ಲಿ ಉಳಿಯಬೇಕು, ಎರವಲು ಎಷ್ಟು ವರ್ಷಕ್ಕೆ, ಡಿಎನ್‌ಎ ದತ್ತಾಂಶ ಯಾರದ್ದು, ಪ್ರಬಂಧದಲ್ಲಿ ಯಾರ ಹೆಸರು ಬರಬೇಕು ಎಂಬ ಪ್ರಶ್ನೆಗಳನ್ನು ಕಾಡಿಗೆ ಕಾಲಿಡುವ ಮೊದಲೇ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳುವ ರೂಢಿ ಬೆಳೆಯುತ್ತಿದೆ.